ಗುಹೆಯ ಬಾಯಲ್ಲಿ ಇಸ್ತ್ರಿ ಪೆಟ್ಟಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೈಲು ಹಳಿಯ ಕೆಳಗೆ ಹಾದುಹೋಗುವ ದಾರಿಯ ಬಾಯಲ್ಲಿ ಇಸ್ತ್ರಿ ಅಕ್ಕ ತಳ್ಳುಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹಳೆಯ ಬಾಣಲೆಯಲ್ಲಿ ಇದ್ದಿಲು ಹೊತ್ತಿಸುತ್ತಿದ್ದಾರೆ. ರಟ್ಟಿನ ತುಂಡಿನಿಂದ ಬೀಸಿದಂತೆಲ್ಲ ಕೆಂಡ ಕೆಂಪೇರುತ್ತದೆ. ಅದನ್ನು ಇಕ್ಕಳದಿಂದ ಎತ್ತಿ ಪೆಟ್ಟಿಗೆಗೆ ತುಂಬಿ, ಒದ್ದೆ ಬಟ್ಟೆಯ ಮೇಲೆ ಒಂದು ಸಲ ಎಳೆದು, ಚುಂಯ್ ಎಂಬ ಸದ್ದು ಕೇಳಿಸಿಕೊಂಡು ತಲೆಯಾಡಿಸುತ್ತಾರೆ. ಕಾವು ಸಾಕು. ಇನ್ನು ಮಗಳು ಬರಬೇಕು.

ಮಗಳು ಆಸ್ಪತ್ರೆಯಲ್ಲಿ ನರ್ಸ್, ಬೆಳಗಿನ ಪಾಳಿ. ಬಸ್ ನಿಲ್ಲುವುದು ಹಳಿಯ ಆಚೆ. ಅಲ್ಲಿಗೆ ಹೋಗಲು ಈ ದಾರಿ ಬಿಟ್ಟರೆ ಗೋದಾಮುಗಳನ್ನು ಬಳಸಿಕೊಂಡು ಹೋಗುವ ದೂರದ ಸುತ್ತು. ಓಣಿಯವರು ಈ ದಾರಿಗೆ ಗುಹೆ ಎನ್ನುತ್ತಾರೆ. ಈಗ ಗೋಡೆಗೆ ಸುಣ್ಣ ಬಳಿದಿದೆ, ಮೇಲೆ ಕಬ್ಬಿಣದ ಪಂಜರದೊಳಗೆ ದೀಪಗಳು ಉರಿಯುತ್ತಿವೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಎರಡು ವರ್ಷದ ಹಿಂದೆ ಅದು ನಿಜವಾಗಿಯೂ ಗುಹೆಯೇ ಆಗಿತ್ತು. ಬಲ್ಬು ಹಾಕಿದ ಮರುದಿನವೇ ಕಲ್ಲೇಟಿಗೆ ಪುಡಿಯಾಗುತ್ತಿತ್ತು. ಒಳಗೆ ಇಸ್ಪೀಟು, ಒಡೆದ ಬಾಟಲಿ, ಮೂಗು ಮುಚ್ಚಿಕೊಳ್ಳುವಂಥ ನಾತ. ಫೋನು ಕಸಿದರು, ಸರ ಕಿತ್ತರು ಎಂಬ ಸುದ್ದಿ ಓಣಿಗೆ ಹಳತಾಗಿಹೋಗಿತ್ತು. ದಾರಿಯ ಬಾಯಲ್ಲಿದ್ದ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆದುಕೊಂಡವು. ಒಂದು ನಸುಕಿನಲ್ಲಿ ಅಕ್ಕನ ಮಗಳ ಚೀಲಕ್ಕೆ ಕೈ ಹಾಕಿದರು. ಹುಡುಗಿ ಚೀಲ ಬಿಡಲಿಲ್ಲ. ಗೋಡೆಗೆ ನೂಕಿದರು. ಚೀಲವೂ ಹೋಯಿತು, ಮಣಿಕಟ್ಟೂ ಮುರಿಯಿತು.

“ಮೂಳೆ ಕೂಡ್ಕೊಳ್ತು. ಧೈರ್ಯ ಕೂಡ್ಕೊಳ್ಳಲಿಲ್ಲ,” ಎನ್ನುತ್ತಾರೆ ಅಕ್ಕ, ಅಂಗಿಯ ಕಾಲರಿಗೆ ನೀರು ಚಿಮುಕಿಸುತ್ತಾ. “ಕೆಲಸ ಬಿಡ್ತೀನಮ್ಮ ಅಂದ್ಲು. ಅಷ್ಟು ಕಷ್ಟಪಟ್ಟು ಓದಿದ ಹುಡುಗಿ. ನನಗೆ ಹೊಟ್ಟೆ ಉರಿದುಹೋಯ್ತು. ಬಿಡೋದಾದ್ರೆ ಅವರು ಜಾಗ ಬಿಡ್ಲಿ, ನೀನ್ಯಾಕೆ ಕೆಲಸ ಬಿಡ್ತೀಯ ಅಂದೆ. ಅಂದುಬಿಟ್ಟೆ, ಆದ್ರೆ ಬಿಡಿಸೋದು ಹೆಂಗೆ ಅಂತ ನನಗೇನು ಗೊತ್ತಿತ್ತು?”

ಓಣಿಯವರಿಗೂ ಗೊತ್ತಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟಾಗಿತ್ತು. ಅವರು ಬಂದಾಗ ಕಳ್ಳರಿಲ್ಲ, ಕಳ್ಳರು ಬಂದಾಗ ಅವರಿಲ್ಲ. ಕೊನೆಗೆ ಎಲ್ಲರೂ ಸೇರಿ ಸಭೆ ಮಾಡಿ, ಗುಹೆಗೆ ಗೇಟು ಹಾಕುವುದೆಂದು ತೀರ್ಮಾನಿಸಿದರು. ವೆಲ್ಡಿಂಗ್ ಅಂಗಡಿಯವನು ಆನೆ ಬಂದರೂ ಅಲುಗದಂಥ ಗೇಟು ಮಾಡಿಕೊಟ್ಟ. ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆ ಬಂದಾಗ, ಓಣಿಯ ಹಿರಿಯರೆಂದು ನಿವೃತ್ತ ಪೋಸ್ಟ್‌ಮಾಸ್ಟರರ ಕೈಗೆ ಕೊಟ್ಟರು. ಪೋಸ್ಟ್‌ಮಾಸ್ಟರರು ಬಲು ಪ್ರಾಮಾಣಿಕರು, ಆದರೆ ಬಿಸಿಲು ಮುಖಕ್ಕೆ ಬೀಳುವ ತನಕ ಏಳುವವರಲ್ಲ. ನಸುಕಿನ ಪಾಳಿಯವರೆಲ್ಲ ಗೇಟಿನ ಈಚೆ ನಿಂತು ಅವರ ವಂಶವನ್ನೇ ಜಾಲಾಡಿ, ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಗೇಟು ಹತ್ತಿ ಇಳಿಯುತ್ತಿದ್ದರು. ಹೀಗೆ ಕೆಲವು ವಾರ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಗೇಟೇ ಇಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಬಾಗಿಲೇ ಸೂರೆಹೋಗಿತ್ತು. ಬೀಗದ ಕೈ ಮಾತ್ರ ಪೋಸ್ಟ್‌ಮಾಸ್ಟರರ ಮನೆಯ ಮೊಳೆಯಲ್ಲಿ ಇಂದಿಗೂ ಭದ್ರವಾಗಿ ನೇತಾಡುತ್ತಿದೆ.

ಅದಾದ ವಾರದಲ್ಲೇ ಅಕ್ಕ ಓಣಿಯ ನಡುವೆ ಮರದ ನೆರಳಿನಲ್ಲಿದ್ದ ತಮ್ಮ ಗಾಡಿಯನ್ನು ತಳ್ಳಿಕೊಂಡು ಬಂದು ಗುಹೆಯ ಬಾಯಲ್ಲಿ ನಿಲ್ಲಿಸಿದರು. ದಾರಿ ಮುಚ್ಚಿದರೆ ಅದು ಕಳ್ಳರದಾಗುತ್ತದೆ, ತೆರೆದಿಟ್ಟು ನಾವೇ ಅಲ್ಲಿದ್ದರೆ ನಮ್ಮದಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಲಾರಿ ಓಡಿಸುವ ಗಂಡ ಎಲ್ಲೋ ದೂರದ ರಸ್ತೆಯಿಂದ ಫೋನು ಮಾಡಿ, “ನಿನಗೇನು ತಲೆ ಕೆಟ್ಟಿದೆಯಾ?” ಎಂದರಂತೆ. “ಹೌದು, ಕೆಟ್ಟಿದೆ. ಊಟ ಆಯ್ತಾ?” ಎಂದು ಅಕ್ಕ ಕೇಳಿದರಂತೆ. ಅಲ್ಲಿಗೆ ಆ ಮಾತು ಮುಗಿಯಿತು.

ಗುಹೆಯೊಳಗೆ ಇಸ್ಪೀಟಿಗೆ ಕೂತವರು ಮಾತ್ರ ಅಷ್ಟು ಸುಲಭಕ್ಕೆ ಮುಗಿಸಲಿಲ್ಲ. ಕೆಂಡಕ್ಕೆ ನೀರು ಸುರಿದರು, ಗಾಡಿಗೆ ಕಲ್ಲು ಬೀರಿದರು. ಒಂದು ಮುಂಜಾನೆ ಅಕ್ಕ ನೀರು ತರಲು ಹೋಗಿ ಬರುವಷ್ಟರಲ್ಲಿ ಗಾಡಿಯನ್ನು ಮಗುಚಿಹಾಕಿದ್ದರು. ಮಡಿಸಿಟ್ಟ ಬಟ್ಟೆಯೆಲ್ಲ ಚರಂಡಿಯಲ್ಲಿ ಬಿದ್ದಿತ್ತು. ಪರರ ಬಟ್ಟೆ ಅದು. ಅಕ್ಕ ಅಳುತ್ತಲೇ ಎಲ್ಲವನ್ನೂ ಹೆಕ್ಕಿ, ಒಗೆದು, ಕಲೆ ಉಳಿದವನ್ನು ಹಿಡಿದುಕೊಂಡು ಮನೆಮನೆಯ ಬಾಗಿಲಿಗೆ ಹೋಗಿ ತಲೆ ತಗ್ಗಿಸಿ ನಿಂತರು. ಕೆಲವರು ಬೈದರು. ಪೋಸ್ಟ್‌ಮಾಸ್ಟರರು ಕಲೆಯಾದ ಬಿಳಿ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, “ನಾಳೆಯಿಂದ ನೀನು ಮನೆಗೆ ತರಬೇಡಮ್ಮ. ನಾನೇ ಅಲ್ಲಿಗೆ ಬಂದು ತಗೊಂಡು ಹೋಗ್ತೀನಿ,” ಎಂದರು. ಗೇಟಿನ ವಿಷಯ ಅವರ ಮನಸ್ಸನ್ನು ಕೊರೆಯುತ್ತಿದ್ದಿರಬೇಕು.

ಮರುದಿನ ಅವರು ಬಂದು ಗಾಡಿಯ ಪಕ್ಕ ನಿಂತು ಹಳೆಯ ಕಥೆಗಳನ್ನೆಲ್ಲ ಹೇಳಿದರು. ಅವರ ಮಾತಿಗೆ ಕೊನೆಯೆಂಬುದಿಲ್ಲ. ಒಳಗೆ ಕೂತಿದ್ದವರು ಕೇಳುವಷ್ಟು ಕೇಳಿ, ಇಸ್ಪೀಟು ಮಡಿಸಿಕೊಂಡು ಎದ್ದುಹೋದರು. ಅಕ್ಕ ಅದನ್ನು ನೋಡಿದರು, ಮನಸ್ಸಿನಲ್ಲಿಟ್ಟುಕೊಂಡರು.

ಅಂದಿನಿಂದ ಯಾರ ಬಟ್ಟೆಯೂ ಮನೆಗೆ ಹೋಗುವುದಿಲ್ಲ. ಬೇಕಾದವರು ಗುಹೆಯ ಬಾಯಿಗೇ ಬರಬೇಕು, ಅದೂ ಅಕ್ಕ ಹೇಳಿದ ಹೊತ್ತಿಗೆ. ಒಬ್ಬರಿಗೆ ಸೂರ್ಯ ಹುಟ್ಟುವ ಹೊತ್ತು, ಒಬ್ಬರಿಗೆ ಮಕ್ಕಳು ಶಾಲೆಗೆ ಹೋದ ಮೇಲೆ, ಇನ್ನೊಬ್ಬರಿಗೆ ದೀಪ ಹಚ್ಚುವ ಹೊತ್ತು. ಒಂದಷ್ಟು ಮನೆಯವರು ಸಿಟ್ಟಾಗಿ ಬೇರೆ ಕಡೆ ಹೋದರು. ಅಕ್ಕ ಜಗ್ಗಲಿಲ್ಲ. ಗುಟ್ಟು ಹೊರಬಿದ್ದದ್ದೂ ಪೋಸ್ಟ್‌ಮಾಸ್ಟರರಿಂದಲೇ. ಸಂಜೆಗೆ ಬನ್ನಿ ಎಂದಿದ್ದ ತಮ್ಮ ಅಂಗಿ ಬೆಳಿಗ್ಗೆಯೇ ತಣ್ಣಗೆ ಮಡಿಕೆಯಲ್ಲಿ ಕೂತಿರುವುದನ್ನು ಅವರು ಕಂಡುಬಿಟ್ಟರು.

“ಇದು ಯಾವಾಗಲೋ ಆಗಿದೆಯಲ್ಲಮ್ಮ?”

“ಆಗಿದೆ ಸಾರ್. ಆದ್ರೆ ನೀವು ಸಂಜೆ ಬೇಕು ನನಗೆ. ಸಂಜೆ ಇಲ್ಲಿ ಯಾರೂ ಇರಲ್ಲ.”

ಅವರು ಅಂಗಿಯನ್ನು ಅಲ್ಲೇ ಬಿಟ್ಟು ಹೋದರು. ಸಂಜೆ ಮಡಿಸುವ ಕುರ್ಚಿಯೊಂದನ್ನು ಹಿಡಿದುಕೊಂಡು ಬಂದರು. ಮಾತು ಓಣಿಯೆಲ್ಲ ಹಬ್ಬಿತು. ಸುಳ್ಳು ಹೇಳಿದಳು ಎಂದು ಯಾರೂ ಜಗಳಕ್ಕೆ ಬರಲಿಲ್ಲ. ಬದಲಿಗೆ ದರ್ಜಿ ತನ್ನ ಹೊಲಿಗೆ ಯಂತ್ರವನ್ನು ಗುಹೆಯ ಆಚೆ ಬಾಯಿಗೆ ತಂದಿಟ್ಟ. ವೆಲ್ಡಿಂಗ್ ಅಂಗಡಿಯವನು, ಗೇಟಿನ ಅವಮಾನ ತೀರಿಸಿಕೊಳ್ಳುವವನಂತೆ, ದೀಪಗಳಿಗೆ ಪಂಜರ ಮಾಡಿ ಎತ್ತರಕ್ಕೆ ಜಡಿದ. ಒಂದು ಭಾನುವಾರ ಗಂಡಸರು ಹೆಂಗಸರೆನ್ನದೆ ಸೇರಿ ಗುಹೆ ತೊಳೆದು ಸುಣ್ಣ ಬಳಿದರು. ಮುಚ್ಚಿದ್ದ ಅಂಗಡಿಗಳಲ್ಲಿ ಮೊದಲು ಹಣ್ಣಿನದು ತೆರೆಯಿತು, ಆಮೇಲೆ ಸೈಕಲ್ ರಿಪೇರಿಯದು. ಈಗ ಬೆಳಗಿನಿಂದ ಕತ್ತಲಾಗುವ ತನಕ ಯಾರಾದರೊಬ್ಬರು ಮಡಿಸಿದ ಬಟ್ಟೆ ಎದೆಗವಚಿಕೊಂಡು ಅಲ್ಲಿ ನಡೆಯುತ್ತಲೇ ಇರುತ್ತಾರೆ. ಗುಹೆಯಲ್ಲಿ ಏನಾದರೂ ಕಸಿದರೆಂಬ ಸುದ್ದಿ ಕೇಳಿ ಬಹಳ ಕಾಲವಾಯಿತು.

“ಕಳ್ಳರೇನು ಸನ್ಯಾಸಿಗಳಾಗಿಲ್ಲ,” ಎಂದು ಅಕ್ಕ ನಗುತ್ತಾರೆ. “ಇಲ್ಲಿ ಬೇಳೆ ಬೇಯಲ್ಲ ಅಂತ ಗೊತ್ತಾಗಿದೆ, ಅಷ್ಟೇ. ನಾವು ಒಂದು ವಾರ ಮನೇಲಿ ಕೂತ್ರೆ ಮತ್ತೆ ಬರ್ತಾರೆ. ಅದಕ್ಕೇ ಕೂರಲ್ಲ.”

ಕೂರದಿರುವುದಕ್ಕೆ ಅವರ ಮೈ ಬೆಲೆ ತೆರುತ್ತಿದೆ. ಬಲಭುಜ ರಾತ್ರಿಯೆಲ್ಲ ಸೆಳೆಯುತ್ತದೆ. ಮೇಲೆ ರೈಲು ಹೋದಾಗಲೆಲ್ಲ ಧೂಳು ಉದುರುತ್ತದೆ. ಹಳಿ ಗುಂಯ್ಗುಟ್ಟುವ ಸದ್ದು ಕಿವಿಗೆ ಬಿದ್ದ ಕೂಡಲೇ ಮಡಿಸಿದ ಬಟ್ಟೆಯ ಮೇಲೆ ಹಳೆಯ ಹೊದಿಕೆ ಎಳೆಯುತ್ತಾರೆ, ರೈಲು ದಾಟಿದ ಮೇಲೆ ಕೊಡವಿ ತೆಗೆಯುತ್ತಾರೆ. ಮರದ ನೆರಳಿನ ಹಳೆಯ ಜಾಗ ಇನ್ನೂ ಖಾಲಿಯೇ ಇದೆ. ಯಾವಾಗ ವಾಪಸ್ಸು ಹೋಗುತ್ತೀರಿ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ.

“ನನ್ನ ಮಗಳು ತಿರುಗಿ ನೋಡದೆ ಇದನ್ನ ದಾಟ್ಬೇಕು. ಅಲ್ಲಿ ತನಕ ಇಲ್ಲೇ.”

ಆ ಮಾತಿನ ಹಿಂದೆ ತಾಯಿ ಮಗಳ ನಡುವಿನ ಒಂದು ಕರಾರಿದೆ. ಮೊದಲು ಅಕ್ಕ ಮಗಳ ಕೈ ಹಿಡಿದು ಬಸ್ಸಿನ ತನಕ ಹೋಗುತ್ತಿದ್ದರು. ಆಮೇಲೆ ಅರ್ಧ ದಾರಿ. ಈಗ ಮಗಳು ಒಬ್ಬಳೇ ಹೋಗುತ್ತಾಳೆ, ಆದರೆ ನಟ್ಟನಡುವೆ, ತನ್ನನ್ನು ನೂಕಿದ ಜಾಗದಲ್ಲಿ, ನಿಂತು ಹಿಂದಿರುಗಿ ನೋಡುತ್ತಾಳೆ. ಆಗ ಅಕ್ಕ ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆರೆದು ಮೇಲೆತ್ತಿ ಹಿಡಿಯಬೇಕು. ಕೆಂಡ ಕಂಡರೆ ಅಮ್ಮ ಅಲ್ಲಿದ್ದಾಳೆ ಎಂದರ್ಥ. ಅದನ್ನು ಕಂಡ ಮೇಲೆಯೇ ಅವಳ ಕಾಲು ಮುಂದೆ ಸಾಗುವುದು.

ಮಗಳು ಬಂದಳು. ಬಿಳಿ ಸಮವಸ್ತ್ರ, ಹೆಗಲಿಗೆ ಚೀಲ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಕೂದಲು ಕಟ್ಟುತ್ತಿದ್ದಾಳೆ. “ತಿಂಡಿ ಮುಚ್ಚಿಟ್ಟಿದ್ದೀನಮ್ಮ, ತಿನ್ನು. ಮರೀಬೇಡ,” ಎಂದು ನಿಲ್ಲದೆ ಗುಹೆಯೊಳಗೆ ಹೋಗುತ್ತಾಳೆ. ಅಕ್ಕ ಕೈಯಲ್ಲಿದ್ದ ಅಂಗಿ ಬಿಟ್ಟು, ಮುಚ್ಚಳ ತೆರೆದು, ನೋಯುವ ಭುಜದಿಂದಲೇ ಪೆಟ್ಟಿಗೆಯನ್ನು ಎತ್ತಿ ಹಿಡಿಯುತ್ತಾರೆ.

ಮಗಳು ನಡುವಿಗೆ ಬರುತ್ತಾಳೆ. ಅವಳ ಫೋನು ಗುಣುಗುಟ್ಟುತ್ತದೆ. ಅದನ್ನು ಕಿವಿಗಿಟ್ಟು, “ಹೂಂ ಕಣೇ, ಬಂದೆ, ಬಸ್ಸು ನಿಲ್ಲಿಸಿರು,” ಎನ್ನುತ್ತಾ ಹೆಜ್ಜೆ ಜೋರು ಮಾಡುತ್ತಾಳೆ. ಆ ಜಾಗ ಹಿಂದೆ ಬೀಳುತ್ತದೆ. ಆಚೆ ಬಾಯಲ್ಲಿ ದರ್ಜಿಗೆ ಕೈಬೀಸಿ ಬೆಳಕಿನಲ್ಲಿ ಮರೆಯಾಗುತ್ತಾಳೆ.

ಅಕ್ಕ ಪೆಟ್ಟಿಗೆ ಇಳಿಸುವುದನ್ನು ಮರೆತು ನಿಂತಿದ್ದಾರೆ. ಕಣ್ಣು ತುಂಬಿಕೊಂಡಿದೆ. ಆಮೇಲೆ ಮುಚ್ಚಳ ಹಾಕಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

“ನೋಡಿದ್ರಾ? ಅಮ್ಮ ಇದ್ದಾಳೋ ಇಲ್ವೋ ಅಂತ ತಿರುಗಿ ಕೂಡ ನೋಡ್ಲಿಲ್ಲ ನನ್ನ ಮಗಳು.”

ಹಾಗಾದರೆ ಇನ್ನು ಮರದ ನೆರಳಿಗೆ ಹೋಗಬಹುದಲ್ಲವೇ? ಅಕ್ಕ ಪೋಸ್ಟ್‌ಮಾಸ್ಟರರ ಬಿಳಿ ಅಂಗಿಯನ್ನು ಹಾಸಿ, ಕಾಲರಿನ ಮೇಲೆ ಪೆಟ್ಟಿಗೆ ಒತ್ತುತ್ತಾರೆ.

“ಮೂಲೆಮನೆ ಹುಡುಗಿಗೆ ಮುಂದಿನ ವಾರದಿಂದ ಬೆಳಗಿನ ಪಾಳಿಯಂತೆ. ಅವಳಿನ್ನೂ ತಿರುಗಿ ನೋಡ್ತಾಳೆ.”