ಸೀರೆ ಆರಿಸಿಟ್ಟು ಹೊರಟುಹೋದವರು

ಗೆಳೆಯರೇ, ಕೊಳ್ಳೇಗಾಲದ ಮಾದೇವಣ್ಣನ ಸೀರೆ ಅಂಗಡಿಗೆ ನಾನು ಆಪ್ ಮಾಡಿಕೊಟ್ಟಿದ್ದೆನಲ್ಲ, ಇವತ್ತೂ ಆರ್ಡರ್ ಬರದಿದ್ದರೆ ಅದನ್ನು ತೆಗೆದುಬಿಡು ಅಂತ ಅವರು ಬೆಳಿಗ್ಗೆ ಹೇಳಿದರು. ಅಷ್ಟರಲ್ಲಿ ಮಾಂಬಳ್ಳಿಯ ಹೆಂಗಸೊಬ್ಬರು ಆಪ್‌ನಲ್ಲಿ ಮೂರು ಸೀರೆ ಆರಿಸಿ ಕಾರ್ಟ್‌ಗೆ ಹಾಕಿ, ಕೊಳ್ಳದೆ ಹೊರಟುಹೋದರು.

ಅಂಗಡಿಯಲ್ಲಿ ಬರಿಗೈಲಿ ಮೆಟ್ಟಿಲಿಳಿದವರನ್ನು ಮಾದೇವಣ್ಣ ಕೂಗಿ ಕರೆಯದೆ ಬಿಟ್ಟವರಲ್ಲ. ಆಪ್‌ನಲ್ಲಿ ಆಯಮ್ಮನ ನಂಬರ್ ಕಾಣುತ್ತಿತ್ತು. ನಾನು ಬೇಡ ಅನ್ನುವಷ್ಟರಲ್ಲಿ ಫೋನ್ ಮಾಡಿಯೇಬಿಟ್ಟರು.

“ಯಾಕವ್ವಾ, ಮೂರು ಸೀರೆ ಆರ್ಸ್ಬುಟ್ಟು ಅಂಗೇ ಓಗ್ಬುಟ್ಟೆ?”

“ಅಯ್ಯೋ, ನಾನು ನೋಡಿದ್ದು ಅಲ್ಲೀಗಂಟ ಕಾಣ್ತದಾ ಸಾ?” ಆಯಮ್ಮ ಗಾಬರಿಯಾದರು.

ನನ್ನ ಆಪ್ ಕಥೆ ಮುಗಿಯಿತು ಅಂದುಕೊಂಡೆ. ಮಾದೇವಣ್ಣ ಬಿಡಲಿಲ್ಲ. “ನೀ ಆರ್ಸಿದ್ದ ಆ ನೀಲಿ ಸೀರೆನ ಬಿಸ್ಲಲ್ಲಿ ನೋಡ್ಬೇಕು ಕಣವ್ವಾ. ಬಾ, ಬಿಚ್ಚಿ ತೋರುಸ್ತೀನಿ.”

ಮಧ್ಯಾಹ್ನದ ಬಸ್ಸಿಗೆ ಆಯಮ್ಮ ಅತ್ತೆಯನ್ನೂ ಕರೆದುಕೊಂಡು ಬಂದರು. ಇಬ್ಬರೂ ಸೀರೆ ಕೊಂಡರು. ಆರಿಸಿಟ್ಟ ಮೂರರಲ್ಲಿ ಒಂದನ್ನೂ ಅಲ್ಲ.

“ಇರ್ಲಿ ಬುಡ್ಲಾ ನಿನ್ನ ಆಪು,” ಎಂದರು ಮಾದೇವಣ್ಣ. “ಯಾರ್ಯಾರು ತಕಳ್ದೆ ಓದ್ರು ಅಂತ ತೋರುಸ್ತದಲ್ಲ, ಅಷ್ಟು ಸಾಕು.”

ಆರ್ಡರ್ ಇನ್ನೂ ಒಂದೂ ಬಂದಿಲ್ಲ. ನೀವೂ ಒಮ್ಮೆ ಆಪ್‌ನಲ್ಲಿ ಸೀರೆ ನೋಡಿ. ಕೊಳ್ಳದಿದ್ದರೂ ಪರವಾಗಿಲ್ಲ, ಫೋನ್ ಮಾತ್ರ ಎತ್ತಿ.