ಫುಟ್‌ಬಾಲ್ ಬಾಯಿ

ಚಿಂತಾಕಿಗೆ ಹೋಗಿ ಮಹಾಮಾಯಾಬಾಯಿಯ ಮನೆ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಫುಟ್‌ಬಾಲ್ ಬಾಯಿಯ ಮನೆ ಎಂದು ಕೇಳಿ, ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಐವತ್ತೆರಡು ವರ್ಷದ, ಮೊಣಕಾಲು ನೋವಿನ, ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಒದ್ದಿರದ ಹೆಂಗಸಿಗೆ ಈ ಹೆಸರು ಹೇಗೆ ಅಂಟಿತೆಂದು ಹೇಳಹೊರಟರೆ ಕೇಳುವವರು ಮೊದಲೇ ನಗಲು ಸುರು ಮಾಡುತ್ತಾರೆ. ನಗಲಿ. ಊರೂ ಹಾಗೇ ನಕ್ಕಿತ್ತು.

ಅವಳ ಗಂಡ ಮಚ್ಛೇಂದ್ರನಿಗೆ ಒಂದೂವರೆ ಎಕರೆ ಹೊಲ, ಒಂದು ಹಳೆಯ ಬಾವಿ. ಬಾವಿಯ ಮೋಟಾರಿನ ಪೈಪು ನೀರಿಗೆ ಇಳಿಯುವ ತುದಿಯಲ್ಲಿ ಒಂದು ಕಬ್ಬಿಣದ ಬುಡ ಇರುತ್ತದೆ. ಅದರೊಳಗಿನ ರಬ್ಬರಿನ ಬಿಲ್ಲೆ ನೀರನ್ನು ಮೇಲೆ ಹೋಗಲು ಬಿಡುತ್ತದೆ, ತಿರುಗಿ ಕೆಳಗೆ ಇಳಿಯಲು ಬಿಡುವುದಿಲ್ಲ. ಅಂಗಡಿಯವರು ಅದಕ್ಕೆ ಫುಟ್‌ವಾಲ್ವ್ ಎನ್ನುತ್ತಾರೆ. ಹೊಲದವರ ಬಾಯಲ್ಲಿ ಅದು ಯಾವತ್ತಿನಿಂದಲೋ ಫುಟ್‌ಬಾಲ್. ಮಚ್ಛೇಂದ್ರ ಒಮ್ಮೆ ಬಾವಿಯಲ್ಲಿ ಜಾರಿ ಬೆನ್ನು ಮುರಿದುಕೊಂಡ ಮೇಲೆ ಕೆಳಗಿಳಿಯುವ ಕೆಲಸ ಹೆಂಡತಿಯ ಪಾಲಿಗೆ ಬಂತು. ರಬ್ಬರು ಸವೆದಾಗಲೆಲ್ಲ ಸೀರೆಯ ಕಚ್ಚೆ ಬಿಗಿದು ಇಳಿದು, ಸೊಂಟದ ಮಟ್ಟದ ನೀರಲ್ಲಿ ನಿಂತು, ಬುಡ ಬಿಚ್ಚಿ, ಹಳೆ ಟೈರಿನ ಟ್ಯೂಬು ಕತ್ತರಿಸಿ ಹೊಸ ಬಿಲ್ಲೆ ಕೂಡಿಸಿ ಬರುತ್ತಿದ್ದಳು. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದಳು. ನೀರು ಹಿಂದಕ್ಕೆ ಹೋಗುವ ಸದ್ದು ಅವಳಿಗೆ ಗಂಡನ ಗೊರಕೆಯಷ್ಟೇ ಪರಿಚಿತ.

ಆಮೇಲೆ ಊರ ಹೊರಗೆ ರಸ್ತೆ ಅಗಲ ಮಾಡುವ ಕೆಲಸ ಬಂತು. ಗುತ್ತಿಗೆದಾರ ಭಾಲ್ಕಿಯ ಹಾವಗೆಪ್ಪ. ಆತ ಹೈದರಾಬಾದಿನಿಂದ ಒಂದು ಹಳೆಯ ಟ್ರೇಲರ್ ಮನೆ ಕೊಂಡು ತಂದು, ಜೀಪಿಗೆ ಕಟ್ಟಿ ಎಳೆಸಿ, ಬೇವಿನ ಮರದ ಕೆಳಗೆ ನಿಲ್ಲಿಸಿದ. ಒಳಗೆ ಒಲೆ, ಸ್ನಾನದ ಮನೆ, ಮಂಚ ಎಲ್ಲ ಇತ್ತು. ಮಂಚದ ಹಲಗೆಯ ಕೆಳಗೆ ಬಿಳಿ ಪ್ಲಾಸ್ಟಿಕ್ಕಿನ ನೀರಿನ ಟಾಕಿ. ಊರವರು ಅದನ್ನು ಬಂಗ್ಲಾ ಗಾಡಿ ಎಂದರು. ಅದರಲ್ಲಿ ಇರಲು ಬೀದರಿನ ಅಮಿತಕುಮಾರ ಎಂಬ ಮ್ಯಾನೇಜರ್ ಬಂದ. ಅವನಿಗೆ ಅಡುಗೆ ಮಾಡಿ ಗಾಡಿ ನೋಡಿಕೊಳ್ಳಲು ಮಹಾಮಾಯಾಬಾಯಿ ಸೇರಿದಳು.

ಅಮಿತಕುಮಾರ ಡಿಪ್ಲೊಮಾ ಓದಿದ್ದ, ಬಾವಿಯನ್ನು ದೂರದಿಂದ ನೋಡಿದ್ದ. ಟಾಕಿಯ ನೀರು ಬಳಸಿದರೆ ಗಾಡಿಯ ಸಣ್ಣ ಪಂಪು ಗರಗರ ಎನ್ನುತ್ತದೆ, ತನಗೆ ತಲೆನೋವು ಎಂದು ಪಕ್ಕದ ಬೋರ್‌ವೆಲ್ಲಿನ ಪೈಪನ್ನು ನೇರವಾಗಿ ಗಾಡಿಯ ನಳಗಳ ಸಾಲಿಗೆ ಜೋಡಿಸಿಕೊಂಡ. ಆ ಜೋಡಣೆಯಲ್ಲಿ ಟಾಕಿಗೆ ಒಂದು ಹನಿಯೂ ಹೋಗಬಾರದು. ಆದರೂ ದಿನಾ ಟಾಕಿ ತುಂಬಿ, ಗಾಡಿಯ ಹೊಟ್ಟೆಯ ಕೆಳಗಿನ ಸಣ್ಣ ಪೈಪಿನಿಂದ ನೀರು ಸುರಿದು, ಗಾಲಿಯ ಸುತ್ತ ಕೆಸರೋ ಕೆಸರು.

"ಟಾಕಿಗಿ ನೀರು ಬಿಟ್ಟು ನಿದ್ದಿ ಹೊಡೀತಿ ಏನು?" ಎಂದು ಮೊದಲ ದಿನ ಕೇಳಿದ.

"ಇಲ್ರಿ ಸಾಹೇಬ್ರ, ಆ ಕಡಿ ಕೈನೇ ಹಚ್ಚಿಲ್ರಿ."

"ಮತ್ತ ತಾನೇ ತುಂಬತದೇನು? ಸುಳ್ಳು ಹೇಳಬ್ಯಾಡ."

ಈ ಕೊನೆಯ ಮಾತು ಅವಳಿಗೆ ತಾಗಿತು. ಬಡತನ ಕಂಡವಳು, ಬೈಗುಳ ಉಂಡವಳು, ಸುಳ್ಳಿ ಎನಿಸಿಕೊಂಡವಳಲ್ಲ. ಬುದ್ಧ ವಿಹಾರದಲ್ಲಿ ಭಾನುವಾರ ಪಂಚಶೀಲ ಹೇಳುವಾಗ ಸುಳ್ಳಾಡಬಾರದೆಂಬ ನಾಲ್ಕನೆಯ ಶೀಲ ಬಂದರೆ ದನಿ ಎತ್ತರಿಸಿ ಹೇಳುವ ಹೆಂಗಸು. ಅವನು ದಿನಾ ಅದನ್ನೇ ಅನ್ನುತ್ತಿದ್ದ, ಕೆಸರನ್ನು ದಿನಾ ಅವಳ ಕೈಯಿಂದಲೇ ಬಳಿಸುತ್ತಿದ್ದ. ತಪ್ಪು ನಿನ್ನದಲ್ಲ ಎಂದು ಆ ಬಾಯಿಂದ ಒಮ್ಮೆ ಬಂದರೆ ಸಾಕು ಎಂಬುದೊಂದೇ ಅವಳಿಗೆ ಉಳಿಯಿತು. ಉಣ್ಣುವಾಗಲೂ ಅದೇ, ಮಲಗುವಾಗಲೂ ಅದೇ.

ಒಂದು ಮುಂಜಾನೆ ಮಂಚದ ಹಲಗೆ ಎತ್ತಿ ಕಿವಿ ಕೊಟ್ಟು ಕೂತಳು. ಪಂಪು ಬಂದ್ ಆಗಿತ್ತು. ಆದರೂ ಅದರ ಹೊಟ್ಟೆಯೊಳಗಿಂದ ಸಣ್ಣಗೆ ಗುಳುಗುಳು ಸದ್ದು. ಚಾಕುವಿನಿಂದ ಕ್ಲಿಪ್ ಸಡಿಲಿಸಿ ಟಾಕಿಯಿಂದ ಪಂಪಿಗೆ ಬರುವ ಪೈಪನ್ನು ಕಿತ್ತಳು. ನೀರು ಎಳೆದುಕೊಳ್ಳಬೇಕಾದ ಪಂಪಿನ ಬಾಯಿಂದಲೇ ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಹತ್ತೊಂಬತ್ತು ವರ್ಷದ ಹಳೆಯ ವೈರಿ ಇಲ್ಲೂ ಸಿಕ್ಕಿದ್ದ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಒದ್ದೆ ಮುಖ ಒರೆಸಿಕೊಳ್ಳದೆಯೇ ಸಾಹೇಬನನ್ನು ಕೂಗಿದಳು.

"ಸಾಹೇಬ್ರ, ಸಿಕ್ತು ನೋಡ್ರಿ! ಇದರ ಫುಟ್‌ಬಾಲ್ ಹೋಗ್ಯಾದ್ರಿ!"

ಅಮಿತಕುಮಾರ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದು ವಿಡಿಯೋ ಸುರು ಮಾಡಿದ.

"ಇನ್ನೊಮ್ಮಿ ಹೇಳು ಬಾಯಿ. ಏನ್ ಹೋಗ್ಯಾದ?"

"ಫುಟ್‌ಬಾಲ್ ರೀ."

"ಗಾಡ್ಯಾಗ ಫುಟ್‌ಬಾಲ್ ಎಲ್ಲಿಂದ ಬಂತು? ಯಾರು ಆಡ್ಲಿಕತ್ತಾರ?"

ಪಾಪ, ಅವಳು ವಿವರಿಸಿದಳು. ಬೋರಿನ ನೀರು ಪಂಪಿನೊಳಗಿಂದ ಹಿಂದಕ್ಕೆ ಹೊಂಟು ಟಾಕಿ ತುಂಬುತ್ತದೆ, ರಬ್ಬರು ಹೋಗಿದೆ, ಬದಲು ಮಾಡುವ ತನಕ ಬೋರಿನ ಪೈಪು ತೆಗೆದಿಡಿ ಎಂದಳು. ಕೆಳಗಿನ ಸಣ್ಣ ಪೈಪು ಟಾಕಿಯ ಉಸಿರು, ಅದನ್ನು ಮಾತ್ರ ಮುಚ್ಚಬೇಡಿ, ಮುಚ್ಚಿದರೆ ಟಾಕಿ ಒಡೆಯುತ್ತದೆ ಎಂದೂ ಹೇಳಿದಳು. ಕೈ ತಿರುಗಿಸಿ ತಿರುಗಿಸಿ ಹೇಳಿದಳು. ಅವನು ಫೋನಿನ ಹಿಂದೆ ನಿಂತು ನಕ್ಕಿದ್ದೇ ನಕ್ಕಿದ್ದು.

ವಿಡಿಯೋ ಕಂಪನಿಯ ಗ್ರೂಪಿಗೆ ಹೋಯಿತು, ಅಲ್ಲಿಂದ ಟಿಪ್ಪರ್ ಡ್ರೈವರುಗಳಿಗೆ, ಅಲ್ಲಿಂದ ಔರಾದಿನ ಚಹಾದಂಗಡಿಗೆ, ಸಂಜೆಗೆಲ್ಲ ಚಿಂತಾಕಿಗೆ. ಮನುಷ್ಯರ ನೀಚತನ ನೋಡಿ: ಬೀದರಿನವರು ನಕ್ಕರೆ ಅವರಿಗೆ ತಿಳಿಯದು ಅನ್ನಬಹುದು. ಚಿಂತಾಕಿಯವರ ಪ್ರತಿ ಬಾವಿಯಲ್ಲೂ ಫುಟ್‌ಬಾಲ್ ಇದೆ, ಪ್ರತಿ ಬಾಯಲ್ಲೂ ಅದೇ ಮಾತು ಇದೆ. ಅವರೂ ಬಿದ್ದು ಬಿದ್ದು ನಕ್ಕರು. ವಿಡಿಯೋದ ಕೆಳಗೆ ನಗುವ ಮುಖಗಳಿದ್ದವು, ಅಷ್ಟೇ ಸಾಕಾಯಿತು. ವಿಹಾರದಲ್ಲಿ ಪಕ್ಕಕ್ಕೆ ಕೂತ ಕೌಸಲ್ಯಾಬಾಯಿ ಕೂಡ, "ಎಷ್ಟು ಗೋಲ್ ಹೊಡದಿ?" ಎಂದು ಕೇಳಿ ಸೆರಗು ಬಾಯಿಗಿಟ್ಟುಕೊಂಡಳು.

ಅಮಿತಕುಮಾರ ತನ್ನದೇ ಉಪಾಯ ಮಾಡಿದ. ನೀರು ಸುರಿಯುವ ಪೈಪಿಗೆ ಒಂದು ಮರದ ಬೂಚು ಜಡಿದ. ಸುರಿಯುವುದನ್ನು ಮುಚ್ಚಿದರೆ ಸುರಿಯುವುದಿಲ್ಲ. ಅವನ ಡಿಪ್ಲೊಮಾ ಅಷ್ಟಕ್ಕೆ ನಿಂತಿತ್ತು. ಅವನು ಸೈಟಿಗೆ ಹೋದ ಕೂಡಲೇ ಮಹಾಮಾಯಾಬಾಯಿ ಬೂಚು ಕೀಳುತ್ತಿದ್ದಳು, ಕೆಳಗೆ ಬಕೆಟ್ ಇಡುತ್ತಿದ್ದಳು, ತುಂಬಿದಂತೆಲ್ಲ ಹೊತ್ತು ಬೇವಿನ ಬುಡಕ್ಕೆ ಸುರಿಯುತ್ತಿದ್ದಳು. ದಿನಕ್ಕೆ ಮೂವತ್ತು ಬಕೆಟ್ಟಾದರೂ ಆಗುತ್ತಿತ್ತು. ಅವನು ಬರುವ ಹೊತ್ತಿಗೆ ಬೂಚು ಮತ್ತೆ ಅಲ್ಲೇ, ಟಾಕಿ ಉಸಿರಾಡುವಷ್ಟು ಸಡಿಲಾಗಿ; ರಾತ್ರಿ ಬೋರಿಗೆ ಕರೆಂಟೇ ಇರುತ್ತಿರಲಿಲ್ಲ. ನೆಲ ಒಣಗಿತು. ಬೂಚಿನ ಬುದ್ಧಿಯನ್ನು ಅವನು ಎಲ್ಲರ ಮುಂದೆ ಕೊಚ್ಚಿಕೊಂಡ. ಅವಳ ಮೊಣಕಾಲು ಊದಿಕೊಂಡಿತು, ಅವನ ಹೆಸರು ಊದಿಕೊಂಡಿತು.

ಶ್ರಾವಣದ ಒಂದು ಸೋಮವಾರ ಹಾವಗೆಪ್ಪ ಕೆಲಸ ನೋಡಲು ಬಂದ, ಜೊತೆಗೆ ತಾಯಿ ಈರಮ್ಮ. ಎಪ್ಪತ್ತೆಂಟರ ಮುದುಕಿ; ಮಗ ಕೊಂಡ ಬಂಗ್ಲಾ ಗಾಡಿ ನೋಡಬೇಕೆಂದು ಹಟ ಹಿಡಿದು ಬಂದಿದ್ದಳು. ಹೋಳಿಗೆ ಊಟವಾದ ಮೇಲೆ ಅಮಿತಕುಮಾರನಿಗೆ ಹುಕಿ ಬಂತು. ಮರದ ಕೆಳಗೆ ಎಲ್ಲರ ನಡುವೆ ಅವಳನ್ನು ಕರೆದು ನಿಲ್ಲಿಸಿದ.

"ಧಣ್ಯಾರ ಮುಂದ ಹೇಳು ಬಾಯಿ, ಗಾಡೀದು ಏನ್ ಹೋಗ್ಯಾದ?"

ಅವಳು ಎಂಜಲು ತಾಟು ಎತ್ತಲು ಬಾಗಿದಳು.

"ಹೇಳು ಅಂದ್ರ ಹೇಳಬೇಕು."

"ಫುಟ್‌ಬಾಲ್ ರೀ," ಎಂದಳು, ನೆಲ ನೋಡುತ್ತ.

ಗಂಡಸರೆಲ್ಲ ಹೋ ಎಂದು ನಕ್ಕರು. ಹಾವಗೆಪ್ಪನೂ ನಕ್ಕ. ನಗದಿದ್ದವಳು ಈರಮ್ಮ ಒಬ್ಬಳೇ.

"ಯಾಕ ನಗ್ತೀರೋ?" ಎಂದಳು. "ನನ್ನ ತವರು ಖಟಕ ಚಿಂಚೋಳ್ಯಾಗ ನಮ್ಮ ಬಾವಿಗೂ ಫುಟ್‌ಬಾಲ್ ಇತ್ತು. ನಿನ ಹೆಸರೇನವ್ವ?"

"ಮಹಾಮಾಯಾ ರೀ ಅವ್ವಾರೆ."

"ಚೊಲೊ ಹೆಸರು. ಹೋಳಿಗಿ ಭಾಳ ಛಂದ ಆಗ್ಯಾವ."

ಎಷ್ಟೋ ತಿಂಗಳ ಮೇಲೆ ಒಬ್ಬರು ಅವಳ ಹೆಸರು ಕೇಳಿದ್ದರು. ಅವಳ ಕಣ್ಣಲ್ಲಿ ನೀರು ಬಂತು. ಆದರೆ ಅದೇ ಹೊತ್ತಿಗೆ ಅಮಿತಕುಮಾರ, ಊಟದ ಗಡಿಬಿಡಿಯಲ್ಲಿ ಅವಳು ತೆಗೆಯದೆ ಬಿಟ್ಟಿದ್ದ ಗಾಡಿಯ ಕೆಳಗಿನ ಬಕೆಟ್ ನೋಡಿದ. ಬೂಚು ಪಕ್ಕದಲ್ಲಿ ಬಿದ್ದಿತ್ತು.

"ಇದಾ ನಿನ್ನ ಆಟ!" ಎಂದು ಕಿರುಚಿದ. "ಬೂಚು ಕಿತ್ತು ನೀರು ಚೆಲ್ಲಿ ನನಗ ಸುಳ್ಳು ಮಾಡ್ತಿ? ತಗೊ, ನೀನೇ ಬಡಿ. ನನ್ನ ಮುಂದ ಬಡಿ."

"ಒಡೀತದ್ರಿ ಸಾಹೇಬ್ರ, ಟಾಕಿ ಒಡೀತದ."

"ಬಾಯಿ ಮುಚ್ಚು ಬಾಯಿ! ಸುಳ್ಳಿ!"

ಅವಳು ಬಕೆಟ್ ತುಂಬಿ ಚೆಲ್ಲಿದ ಕೆಸರಲ್ಲಿ ಮೊಣಕಾಲೂರಿ ಕೂತಳು. ಖಾರ ಕುಟ್ಟುವ ಕಲ್ಲು ತಂದು ಬೂಚನ್ನು ಬಡಿದಳು. ಅವನು ಹೇಳಿದ್ದಕ್ಕಿಂತ ನಾಲ್ಕು ಪೆಟ್ಟು ಹೆಚ್ಚೇ ಬಡಿದಳು. ಇನ್ನು ಅದು ಯಾರ ಕೈಯಿಂದಲೂ ಕೀಳುವಂತಿರಲಿಲ್ಲ. ಆಮೇಲೆ ಗಾಡಿಯ ಹಿಂಬದಿಗೆ ಹೋಗಿ, ಬೂದಿ ತೆಗೆದುಕೊಂಡು, ಊಟದ ಪಾತ್ರೆ ತಿಕ್ಕಲು ಕೂತಳು.

ಊಟವಾದ ಮೇಲೆ ಆ ಮಂಚದ ಮೇಲೆ ಒಂದು ತಾಸು ಅಡ್ಡಾಗುವುದು ಅಮಿತಕುಮಾರನ ರೂಢಿ. ಯಾರೋ ಗಾಡಿಯ ಮೆಟ್ಟಿಲು ಹತ್ತಿದ್ದು ಕೇಳಿಸಿತು, ಮಂಚ ಕಿರ್ರೆಂದಿತು. ಮಲಗಿದ ಎಂದುಕೊಂಡಳು.

ಅರ್ಧ ತಾಸಿಗೆ ಇನ್ನೊಂದು ಸದ್ದು ಬಂತು. ಹಲಗೆ ಮೇಲಕ್ಕೆ ಒತ್ತುವ ಸದ್ದು, ಮೊಳೆ ಸಡಿಲಾಗುವ ಸದ್ದು. ಟಾಕಿ ಊದುತ್ತಿತ್ತು. ಅವಳ ಕೈ ನಿಂತಿತು. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಬೋರಿನ ನಳ ಹತ್ತು ಹೆಜ್ಜೆಯಲ್ಲಿತ್ತು. ಮತ್ತೆ ಕಿರ್ರೆಂದಿತು. ಅವಳಿಗೆ ವಿಡಿಯೋ ನೆನಪಾಯಿತು, ಕೌಸಲ್ಯಾಬಾಯಿಯ ಸೆರಗು ನೆನಪಾಯಿತು, ಸುಳ್ಳಿ ಎಂದದ್ದು ನೆನಪಾಯಿತು. ಬೀಳಲಿ ಮಗ, ಎಂದುಕೊಂಡಳು. ಒಂದು ಮುಷ್ಟಿ ಬೂದಿ ತೆಗೆದುಕೊಂಡು ಮತ್ತೆ ಪಾತ್ರೆ ತಿಕ್ಕತೊಡಗಿದಳು.

ಆಗ ಅಮಿತಕುಮಾರ ಹಲ್ಲಲ್ಲಿ ಕಡ್ಡಿ ಆಡಿಸುತ್ತ ಮರದ ಕಡೆಯಿಂದ ನಡೆದು ಬಂದ.

ಅವಳು ಎದ್ದೇಳುವುದರೊಳಗೆ ಟಾಕಿ ಒಡೆಯಿತು. ಹಲಗೆ ಸಿಡಿದು, ಮಂಚ ಮಗುಚಿ, ಬಾಗಿಲಿನಿಂದ ನೀರು ಧಾರೆ ಧಾರೆಯಾಗಿ ಹೊರಗೆ ಬಂತು. ನೀರಿನ ಹಿಂದೆ ಈರಮ್ಮನ ಚೀರಾಟ. ಗಂಡಸರು ಓಡಿ ಹೋಗಿ ಮುದುಕಿಯನ್ನು ಎತ್ತಿ ತಂದರು. ಸೊಂಟ ಮುರಿದಿತ್ತು, ಕಾಲು ಇರಬಾರದ ಕಡೆಗೆ ತಿರುಗಿತ್ತು.

"ಈಕೀನೇ! ಈಕೀನೇ ಬೂಚು ಬಡಿದಾಕಿ!" ಎಂದು ಅಮಿತಕುಮಾರ ಬೆರಳು ತೋರಿಸಿದ. "ಹಿಂಗಾಗ್ತದ ಅಂತ ಗೊತ್ತಿತ್ತು ಅಂದ್ರ ಮೊದಲೇ ಯಾಕ ಹೇಳಲಿಲ್ಲ?"

ಮಹಾಮಾಯಾಬಾಯಿ ಬೂದಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹೇಳೀನ್ರಿ. ನಿಮ್ಮ ವಿಡಿಯೋದಾಗ ಅದ. ಪೂರಾ ಕೇಳ್ರಿ."

ಹಾವಗೆಪ್ಪ ಅಲ್ಲೇ ಫೋನು ತೆಗೆದ. ಇಡೀ ಜಿಲ್ಲೆ ನಗುವ ತನಕ ಮಾತ್ರ ನೋಡಿ ಬಿಟ್ಟಿದ್ದ ವಿಡಿಯೋ ಮೊದಲ ಸಲ ಕೊನೆಯ ತನಕ ಓಡಿತು. ರಬ್ಬರಿನ ಮಾತು ಅದರಲ್ಲಿತ್ತು. ಬೋರಿನ ಪೈಪು ತೆಗೆದಿಡಿ ಎಂದದ್ದು ಇತ್ತು. ಉಸಿರಿನ ಪೈಪು ಮುಚ್ಚಬೇಡಿ, ಒಡೆಯುತ್ತದೆ ಎಂದದ್ದೂ ಸ್ಪಷ್ಟವಾಗಿತ್ತು, ಅದರ ಮೇಲೆ ಅಮಿತಕುಮಾರನ ನಗು. ಹಾವಗೆಪ್ಪ ಅವನ ಕೆನ್ನೆಗೆ ಒಂದು ಬಿಟ್ಟ. ಈರಮ್ಮನನ್ನು ಜೀಪಿನಲ್ಲಿ ಮಲಗಿಸಿಕೊಂಡು ಬೀದರಿಗೆ ಹೊರಟರು. ಮುದುಕಿ ಹೋಗುವ ತನಕ ಮಹಾಮಾಯಾಬಾಯಿಯ ಮುಖವನ್ನೇ ನೋಡುತ್ತಿದ್ದಳು.

ಹದಿನೈದು ದಿನದ ಮೇಲೆ ಹಾವಗೆಪ್ಪ ಅವಳ ಮನೆಯ ಬಾಗಿಲಿಗೇ ಬಂದ. ಚಿಂತಾಕಿಯ ಆ ಓಣಿಗೆ ಅಂಥ ಜೀಪು ಬಂದದ್ದು ಅದೇ ಮೊದಲು, ಜನ ನೆರೆದರು. ಬೀದರಿನ ಮೆಕ್ಯಾನಿಕ್ ಮುನೀರೋದ್ದೀನ ಬಂದು ಪಂಪು ಬಿಚ್ಚಿ ನೋಡಿದನೆಂದೂ, ಬಿಚ್ಚಿದ ಕೂಡಲೇ ಫುಟ್‌ಬಾಲ್ ಹೋಗಿದೆ ಸಾಬ್ ಎಂದನೆಂದೂ ಹೇಳಿದ. ಈ ಸಲ ಯಾರೂ ನಗಲಿಲ್ಲ. ಅಮಿತಕುಮಾರನನ್ನು ತೆಗೆದುಹಾಕಿದ್ದೇನೆ ಎಂದ.

"ತಪ್ಪು ನಿಂದಲ್ಲ ಬಾಯಿ," ಎಂದ ಹಾವಗೆಪ್ಪ, ಊರು ಕೇಳುವಂತೆ. "ಎಲ್ಲಾರ ಮುಂದ ಹೇಳ್ತೇನಿ, ತಪ್ಪು ನಿಂದಲ್ಲ. ಸೋಮವಾರದಿಂದ ಕೆಲಸಕ್ಕ ಬಾ."

ಎಷ್ಟು ತಿಂಗಳು ಕಾದಿದ್ದ ಮಾತು ಅದು. ಬಂದಾಗ ಅವಳಿಗೆ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

"ಅವ್ವಾರು ಹ್ಯಾಂಗ ಅದಾರ್ರಿ?"

"ಇನ್ನ ಏಳಂಗಿಲ್ಲ ಅಂದಾರ ಡಾಕ್ಟರ್. ಹಾಸಗೀನೇ." ಹಾವಗೆಪ್ಪ ಹೊರಟವನು ನೆನಪಾಗಿ ತಿರುಗಿ ನಿಂತ. "ಹಾಂ, ಅವ್ವ ನಿನಗ ಒಂದು ಕೇಳ್ಕೊಂಡು ಬಾ ಅಂದಾಳ. ದಿನಾ ಅದನ್ನೇ ಕೇಳ್ತಾಳ, ಏನ್ ಹುಚ್ಚೋ. ಮಂಚ ಕಿರ್ ಅಂದಾಗ ಹಿಂದ ಪಾತ್ರಿ ತಿಕ್ಕೂ ಸದ್ದು ನಿಂತಿತ್ತಂತ. ಆಮ್ಯಾಲ ಮತ್ತ ಸುರು ಆಯ್ತಂತ. ನಡುವ ಯಾಕ ನಿಂತಿತ್ತು ಅಂತ ಕೇಳ್ತಾಳ."

ಊರೆಲ್ಲ ಅವಳ ಮುಖ ನೋಡುತ್ತಿತ್ತು.

"ಬೂದಿ ತೀರಿತ್ತು ಅಂತ ಹೇಳ್ರಿ," ಎಂದಳು ಮಹಾಮಾಯಾಬಾಯಿ.