ಲಕ್ಕಮ್ಮನ ಬ್ಯಾಟರಿ ಗರಗಸ

ಚನ್ನರಾಯಪಟ್ಟಣದ ಲಕ್ಕಮ್ಮನ ಮನೆ ಮುಂದಿನ ರಂಗೋಲಿ ತುಳಿಯಲು ಪೇಪರ್ ಹಾಕುವವನಿಗೂ ಮನಸ್ಸು ಬರುತ್ತಿರಲಿಲ್ಲ. ಸೈಕಲ್ಲನ್ನು ಆಚೆಯೇ ನಿಲ್ಲಿಸಿ ಪೇಪರನ್ನು ಜಗಲಿಗೆ ಎಸೆದು ಹೋಗುತ್ತಿದ್ದ. ಚುಕ್ಕಿಯಿಲ್ಲ, ಅಳತೆಯಿಲ್ಲ, ಬೆರಳ ಸಂದಿಯಿಂದ ಪುಡಿ ಬಿಡುತ್ತಾ ಹೋದರೆ ಬಳ್ಳಿ ಸುತ್ತಿ ಸುಳಿದು ಹೊರಟ ಜಾಗಕ್ಕೇ ಬಂದು ಸೇರುತ್ತಿತ್ತು. ಆ ಕೈಗೆ ಬೇರೊಂದು ಕಸುಬೂ ಒಗ್ಗುತ್ತದೆಂದು ಐವತ್ತು ದಾಟುವವರೆಗೆ ಅವಳಿಗೇ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಟ್ಟವನು ಗಂಡ ಶಾಂತರಾಜು. ಅದೂ ತಾನು ಸೋತ ಮೇಲೆ.

ಶಾಂತರಾಜು ಹಾಸನ–ಅರಕಲಗೂಡು ದಾರಿಯಲ್ಲಿ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಸ್ಟೀರಿಂಗ್ ಬಿಟ್ಟ ಕೈ ಸುಮ್ಮನಿರಲೊಲ್ಲದು. ಮನೆಯ ನಲ್ಲಿ, ಫ್ಯಾನು, ಮಿಕ್ಸಿ ಎಲ್ಲವನ್ನೂ ಬಿಚ್ಚಿ ಜೋಡಿಸಿದ್ದಾಯಿತು. ಒಂದು ದಿನ ಹಾಸನಕ್ಕೆ ಹೋದವನು ಬ್ಯಾಟರಿಯಲ್ಲಿ ಓಡುವ ಜಿಗ್‌ಸಾ ಮಿಷನ್ನು ಹಿಡಿದುಕೊಂಡು ಬಂದ. ನೋಡಲು ಇಸ್ತ್ರಿಪೆಟ್ಟಿಗೆಯ ತಮ್ಮನ ಹಾಗಿತ್ತು. ಮೂಗಿನ ತುದಿಯಿಂದ ಬೆರಳುದ್ದದ ಗರಗಸದ ಬ್ಲೇಡು ಇಳಿಬಿದ್ದಿತ್ತು; ಗುಂಡಿ ಒತ್ತಿದರೆ ಹೊಲಿಗೆ ಮಿಷನ್ನಿನ ಸೂಜಿಯಂತೆ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿತ್ತು.

ದೇವರ ಮನೆಗೆ ಪ್ಲೈವುಡ್ಡಿನ ಕಮಾನು ಮಾಡುತ್ತೇನೆಂದು ಶಾಂತರಾಜು ಹೊರಟ. ಬಸ್ಸಿನ ಆಕ್ಸಿಲರೇಟರ್ ತುಳಿದವನ ಅವಸರ. ತಿರುವಿನಲ್ಲಿ ಮಿಷನ್ನನ್ನು ಬಲವಂತವಾಗಿ ನೂಕಿದ. ಮರ ಸುಟ್ಟ ವಾಸನೆ ಬಂತು, ಬ್ಲೇಡು ಟಪ್ಪೆಂದು ಮುರಿಯಿತು. ಲಕ್ಕಮ್ಮ ಹಲಗೆ ಎತ್ತಿ ನೋಡಿದಳು.

"ಇದೇನ್ರೀ, ಕಮಾನು ಅಂದ್ರೆ ಶಿರಾಡಿ ಘಾಟಿ ಮಾಡಿಟ್ಟಿದ್ದೀರಲ್ಲ!"

"ನಗೋದು ಸುಲಭ ಕಣಮ್ಮಿ. ಬಾ, ನೀನೇ ಇಡ್ಕ, ನೋಡಾಣ."

ಹಿಡಿದುಕೊಳ್ಳುವ ಮೊದಲು ಅವಳು ಒಂದು ಜಾಣತನ ಮಾಡಿದಳು. ಮಿಷನ್ನನ್ನು ಚೀಲಕ್ಕೆ ಹಾಕಿ, ಗಂಡನನ್ನೂ ಕರೆದುಕೊಂಡು, ಮುಂದಿನ ಬೀದಿಯ ಮರಗೆಲಸದ ಅನಿಲ್‌ಕುಮಾರಾಚಾರಿಯ ಶೆಡ್ಡಿಗೆ ನಡೆದಳು. ಅನಿಲ್‌ಕುಮಾರನಿಗೆ ಕಲಿಸುವುದೆಂದರೆ ಇಷ್ಟ; ಕೇಳುವವರೇ ಇರಲಿಲ್ಲ.

"ಮೊದ್ಲು ಸೆರಗು ಸೊಂಟಕ್ಕೆ ಸಿಗಿಸ್ಕಳಿ ಅಕ್ಕ. ಬಳೆ ಬಿಚ್ಚಿಡಿ. ಈ ಕನ್ನಡ್ಕ ಆಕ್ಕಳಿ, ಪುಡಿ ಕಣ್ಣಿಗೆ ಆರ್ತದೆ," ಎಂದ. ಆಮೇಲೆ ಮಿಷನ್ನಿಗೆ ಹೊಸ ಬ್ಲೇಡು ತೊಡಿಸಿ, ಗೆರೆ ಎಳೆದ ಹಲಗೆಯನ್ನು ಮೇಜಿಗೆ ಕ್ಲ್ಯಾಂಪು ಹಾಕಿ ಬಿಗಿದ. "ಕೈಯಾಗೆ ಇಡ್ಕಂಡು ಯಾವತ್ತೂ ಕುಯ್ಬ್ಯಾಡಿ. ಬ್ಲೇಡು ಹಲಗೆ ಅಡೀಲೂ ಓಡಾಡ್ತಿರ್ತದೆ, ಅಲ್ಲಿಗೆ ಕೈಬೆಟ್ಟು ಓಗ್ಬಾರ್ದು. ಮಿಷನ್ ಪಾದ ಮರದ ಮ್ಯಾಲೆ ಭದ್ರವಾಗಿ ಕೂತಿರ್ಲಿ. ಓಡಾಕೆ ಶುರುವಾದ್ಮೇಲೆ ಮರ ಮುಟ್ಟಿಸಿ, ಪೂರ್ತಿ ನಿಂತ ಮೇಲೆ ಎತ್ತಿ. ನೂಕಾದು ಬ್ಯಾಡ. ಅದೇ ತಿನ್ಕಂಡು ಓಯ್ತದೆ, ನೀವು ದಾರಿ ತೋರ್ಸಿ ಸಾಕು."

ಕೊನೆಯ ಮಾತು ಲಕ್ಕಮ್ಮನಿಗೆ ನೆಟ್ಟಗೆ ನಾಟಿತು. ರಂಗೋಲಿ ಪುಡಿಯನ್ನು ಯಾರಾದರೂ ನೂಕುತ್ತಾರೆಯೇ? ಕೈ ಹೋದತ್ತ ಅದು ಬೀಳುತ್ತದೆ, ಅಷ್ಟೆ. ಅವಳು ಗುಂಡಿ ಒತ್ತಿದಳು. ತೋಳಿನುದ್ದಕ್ಕೂ ಜುಮ್ಮೆಂದಿತು. ಗೆರೆಯ ಮೇಲೆ ಕಣ್ಣಿಟ್ಟು ಮೆಲ್ಲಗೆ ಬಾಗಿಸುತ್ತಾ ಹೋದಳು. ಅರ್ಧಚಂದ್ರದಂಥ ತುಂಡು ಕಳಚಿ ಬಿದ್ದಾಗ ಶಾಂತರಾಜು ಅದನ್ನು ಎತ್ತಿಕೊಂಡು, ಅಂಚಿನ ಮೇಲೆ ಬೆರಳಾಡಿಸಿ, "ಥೂ, ನನ್ ಮಾನ ಕಳೆದ್ಬುಟ್ಟಲ್ಲೇ," ಎಂದು ಜೋರಾಗಿ ನಕ್ಕ.

ಅಂದಿನಿಂದ ಶೆಡ್ಡಿನ ಚೂರುಪಾರು ಹಲಗೆಯೆಲ್ಲ ಲಕ್ಕಮ್ಮನ ಪಾಲಾಯಿತು. ಎಲೆ, ಹಂಸ, ನವಿಲು ಆಯಿತು. ಆಮೇಲೆ ಅಕ್ಷರದ ಹುಚ್ಚು ಹತ್ತಿತು. ನಮ್ಮ ಕನ್ನಡದ ಅಕ್ಷರದಲ್ಲಿ ನೆಟ್ಟಗೆ ನಿಂತದ್ದು ಯಾವುದಿದೆ? ಎಲ್ಲವೂ ಬಳ್ಳಿಯೇ. ಬಿಗಿಯಾದ ಸುಳಿ ಬಂದಾಗ ಗೆರೆಯ ಹೊರಗಿನಿಂದ ಅಲ್ಲಲ್ಲಿ ಸಣ್ಣ ಸೀಳು ಹಾಕಿಟ್ಟುಕೊಂಡರೆ ಚೂರು ತಾನೇ ಉದುರಿ ಬ್ಲೇಡಿಗೆ ತಿರುಗಲು ಜಾಗವಾಗುತ್ತದೆಂದು ಕಲಿತಳು. ಅಕ್ಷರದ ಹೊಟ್ಟೆಯೊಳಗಿನ ಕಿಂಡಿಗೆ ಮೊದಲು ತೂತು ಕೊರೆದು, ಅದರೊಳಗೆ ಬ್ಲೇಡು ಇಳಿಸಬೇಕೆಂದೂ ಕಲಿತಳು. ಬ್ಲೇಡಿನ ಹಲ್ಲು ಮೇಲ್ಮುಖವಾಗಿರುವುದರಿಂದ ಸಿಬಿರು ಏಳುವುದು ಮೇಲಿನ ಮೈಯಲ್ಲಿ, ಆದ್ದರಿಂದ ಚೆಂದದ ಮೈಯನ್ನು ಕೆಳಗೆ ಮಾಡಿ ಕೊಯ್ಯಬೇಕು ಎಂದು ಅನಿಲ್‌ಕುಮಾರ ಹೇಳಿದ್ದ. ಅದನ್ನು ಚಾಚೂ ತಪ್ಪದೆ ಪಾಲಿಸಿ, ಹಲಗೆಯ ಬೆನ್ನಿನ ಮೇಲೆ ಗಂಡನ ಹೆಸರು ಬರೆದು, ಮೂರು ಸಂಜೆ ಕೂತು ಕೊಯ್ದಳು. ತಿರುಗಿಸಿ ನೋಡಿದರೆ ಹೆಸರು ಪೂರಾ ಉಲ್ಟಾ!

"ನನ್ ಹೆಸ್ರು ಓದಾಕೆ ಕನ್ನಡಿ ಬೇಕಲ್ಲೇ!" ಎಂದ ಶಾಂತರಾಜು ಅದನ್ನು ಎಸೆಯಲು ಬಿಡಲಿಲ್ಲ. ಬಚ್ಚಲುಮನೆಯಲ್ಲಿ ಕನ್ನಡಿಯ ಎದುರಿನ ಗೋಡೆಗೆ ಹೊಡೆದ. ದಿನಾ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ತನ್ನ ಹೆಸರು ಸರಿಯಾಗಿ ಓದಿಕೊಂಡು ಖುಷಿಪಡುತ್ತಿದ್ದ.

ಹೀಗಿರುವಾಗ ಲಕ್ಕಮ್ಮನ ತಮ್ಮ ಮೋಹನ್‌ಕುಮಾರನ ಮಗಳು ಮೇಘಶ್ರೀಗೆ ಹೊಳೆನರಸೀಪುರದ ಗೌತಮ್ ಎಂಬ ಹುಡುಗ ಗೊತ್ತಾದ. ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ. ಹಿಂದಿನ ದಿನ ಸಂಜೆಯ ಆರತಕ್ಷತೆಗೆ ಹಾಸನದಿಂದ ಥರ್ಮೋಕೋಲಿನ ಹೆಸರುಗಳು ಲಗೇಜ್ ಆಟೋದಲ್ಲಿ ಬರುತ್ತಿದ್ದವು. ಹೆದ್ದಾರಿಯಲ್ಲಿ ಬೀಸಿದ ಗಾಳಿಗೆ ಹಗ್ಗ ಸಡಿಲವಾಗಿ 'ಗೌತಮ್' ಹಾರಿಹೋಗಿ ಲಾರಿಯ ಚಕ್ರಕ್ಕೆ ಸಿಕ್ಕಿ ಪುಡಿಯಾಯಿತು. 'ಮೇಘಶ್ರೀ' ಮಾತ್ರ ಉಳಿದಿತ್ತು. ಆಟೋದವನು ಛತ್ರದ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಗಂಡಿನ ಹೆಸ್ರೇ ಆರೋಯ್ತಂತಲ್ಲ, ಇದೇನು ಸಕುನವೋ," ಎಂದು ನೆಂಟರ ಪೈಕಿಯ ಮುದುಕಿಯೊಬ್ಬಳು ಗೊಣಗಿದ್ದು ಮೇಘಶ್ರೀಯ ಕಿವಿಗೆ ಬಿತ್ತು. ಹುಡುಗಿಯ ಕಣ್ಣು ತುಂಬಿ ಕಾಡಿಗೆ ಇಳಿಯತೊಡಗಿತು. ಇಷ್ಟು ಹೊತ್ತಿನಲ್ಲಿ ಬೇರೆ ಮಾಡಿಕೊಡಲು ಆಗುವುದಿಲ್ಲವೆಂದು ಅಲಂಕಾರದವರು ಫೋನಿನಲ್ಲಿ ಕೈಚೆಲ್ಲಿದರು.

ಲಕ್ಕಮ್ಮ ಸೊಸೆಯ ಗಲ್ಲ ಹಿಡಿದಳು. "ಅಳಬ್ಯಾಡ ಕಣವ್ವ. ಥರ್ಮಾಕೋಲು, ಆರೋಯ್ತು. ಮರದಾಗೆ ಮಾಡಾಣ ಬುಡು. ಅದೆಂಗೆ ಆರೋಯ್ತದೆ ನೋಡ್ತೀನಿ."

"ಆಗ್ತದಾ ಅತ್ತೆ?"

"ಮುಖ ತೊಳ್ಕಂಡು ಬಾ, ಓಗು."

ಶಾಂತರಾಜು ಆಗಲೇ ಸ್ಕೂಟರ್ ಹತ್ತಿದ್ದ. ಮಿಷನ್ನು, ಎರಡು ಬ್ಯಾಟರಿ, ಅನಿಲ್‌ಕುಮಾರ ಕೊಟ್ಟ ತೆಳು ಪ್ಲೈವುಡ್ಡು, ಕ್ಲ್ಯಾಂಪು ಎಲ್ಲವೂ ಬಂದವು. ಛತ್ರದ ಹಿತ್ತಿಲಲ್ಲಿ ಊಟದ ಮೇಜು ಹಾಕಿಸಿ, ರೇಷ್ಮೆ ಸೀರೆ ಬದಲಿಸಿ ಹತ್ತಿಯದನ್ನು ಬಿಗಿಯಾಗಿ ಉಟ್ಟು, ಬಳೆಗಳನ್ನು ತೆಗೆದು ನಾದಿನಿಯ ಕೈಗಿತ್ತು, ಲಕ್ಕಮ್ಮ ಸೀಮೆಸುಣ್ಣದಲ್ಲಿ ಗೌತಮನ ಹೆಸರು ಬರೆದಳು. ಈ ಸಲ ಚೆಂದದ ಮೈ ಮೇಲೇ ಇರಲಿ, ಸಿಬಿರು ಎದ್ದರೆ ತಿಕ್ಕಿದರಾಯಿತು ಎಂದುಕೊಂಡಳು. ಸುತ್ತ ನೆಂಟರು ಮುತ್ತಿದರು. ಶಾಂತರಾಜು ನೆಲದ ಮೇಲೆ ಗೆರೆ ಎಳೆದು, "ಇಂದಕ್ಕೆ ಓಗಿ, ಇಂದಕ್ಕೆ!" ಎಂದು ಕಂಡಕ್ಟರನ ಕೆಲಸವನ್ನೂ ತಾನೇ ವಹಿಸಿಕೊಂಡ.

'ಗೌ' ಸಲೀಸಾಗಿ ಬಂತು. 'ತ'ದ ಒಳಸುಳಿಯಲ್ಲಿ ಬ್ಲೇಡು ಬಿಗಿಯಿತು. ಅಷ್ಟರಲ್ಲಿ ಮೋಹನ್‌ಕುಮಾರ ಓಡಿ ಬಂದ.

"ಬೇಗ ಅಕ್ಕ, ಗಂಡಿನ ಕಡೇರು ಒಳೆನರಸೀಪುರ ಬುಟ್ರಂತೆ!"

ಲಕ್ಕಮ್ಮ ಗುಂಡಿ ಬಿಟ್ಟಳು. ಬ್ಲೇಡು ನಿಲ್ಲುವವರೆಗೂ ಕಾದಳು. ಆಮೇಲೆ ತಲೆಯೆತ್ತಿದಳು. "ನೋಡು ಮೋಹನ, ಇಲ್ಲಿ ಬೇಗ ಅಂದ್ರೆ ಬೆಟ್ಟು ಓಯ್ತದೆ. ನೀನು ಪಾಯಸ ತಳ ಹತ್ತದಂಗೆ ನೋಡ್ಕ ಓಗು." ಎಲ್ಲರೂ ನಕ್ಕರು, ಮೋಹನ್‌ಕುಮಾರನೂ ನಕ್ಕು ಅಡುಗೆಮನೆ ಕಡೆ ಹೋದ. ಅವಳು ಹೊರಗಿನಿಂದ ಸಣ್ಣ ಸೀಳುಗಳನ್ನು ಹಾಕಿ, ಸುಳಿಯನ್ನು ಮತ್ತೆ ಮೆಲ್ಲಗೆ ಹಿಡಿದಳು. 'ಮ್' ನಡುವೆ ಬ್ಯಾಟರಿ ಮುಗಿಯಿತು. ಇನ್ನೊಂದು ಹಾಕಿ ಸಾಗಿಸಿದಳು. ಕೊನೆಯ ಚೂರು ಉದುರಿದಾಗ ಹಿತ್ತಿಲಲ್ಲಿ ಚಪ್ಪಾಳೆ.

ಒಂದು ಹೆಸರು ಮರದ್ದು, ಇನ್ನೊಂದು ಮಿನುಗು ಬಳಿದ ಥರ್ಮೋಕೋಲಿನದು, ಜೋಡಿ ಕೂಡುತ್ತಿರಲಿಲ್ಲ. ಹೂ ಕಟ್ಟುತ್ತಿದ್ದ ಹೆಂಗಸರು ಎರಡಕ್ಕೂ ಗೋಂದು ಬಳಿದು ಸೇವಂತಿಗೆ ಎಸಳು ಅಂಟಿಸಿದರು. ಗಂಡಿನ ಬಸ್ಸು ಬಂದು ನಿಂತಾಗ ವೇದಿಕೆಯ ಮೇಲೆ ಎರಡು ಹೆಸರೂ ಹಳದಿಯಾಗಿ ತುಂಬಿಕೊಂಡಿದ್ದವು. ವಿಷಯ ತಿಳಿದ ಗೌತಮ್ ನೇರ ತನ್ನ ಹೆಸರಿನ ಬಳಿ ಹೋಗಿ ಬೆರಳಿನಿಂದ ಟಕಟಕ ಬಡಿದು ನೋಡಿದ.

"ಗಟ್ಟಿ ಐತೆ ಅತ್ತೆ," ಎಂದು ಲಕ್ಕಮ್ಮನ ಕಾಲಿಗೆರಗಿದ.

ಗೊಣಗಿದ್ದ ಮುದುಕಿಯೇ ಎಲ್ಲರಿಗಿಂತ ಜೋರಾಗಿ, "ಮರದಂಗೆ ಬಾಳ್ಲಿ ಕಣಪ್ಪ," ಎಂದಳು. ಮೇಘಶ್ರೀ ಹಟ ಹಿಡಿದು ಅತ್ತೆಯನ್ನು ಮಿಷನ್ ಸಮೇತ ವೇದಿಕೆಗೆ ಎಳೆದಳು. ಫೋಟೋದಲ್ಲಿ ಲಕ್ಕಮ್ಮ ಮತ್ತೆ ಉಟ್ಟ ರೇಷ್ಮೆ ಸೀರೆಯ ಮೇಲೂ ಒಂದಷ್ಟು ಮರದ ಪುಡಿ ಕಾಣುತ್ತದೆ.

ಮುಂದಿನ ತಿಂಗಳು ಅವಳು ನಿಧಾನವಾಗಿ 'ಮೇಘಶ್ರೀ'ಯನ್ನೂ ಮರದಲ್ಲಿ ಕೊಯ್ದು ಹೊಳೆನರಸೀಪುರಕ್ಕೆ ಕೊಟ್ಟು ಬಂದಳು. ಆ ಮದುವೆಗೆ ಬಂದಿದ್ದ ಅರಕಲಗೂಡಿನ ಮಿಠಾಯಿ ಅಂಗಡಿಯವನು ತನ್ನ ಅಂಗಡಿಗೂ ಅಂಥದೇ ಹೆಸರು ಬೇಕೆಂದ. ಬೋರ್ಡು ಏರಿದ ದಿನ ಗಂಡ ಹೆಂಡತಿ ನೋಡಲು ಹೋದರು, ಶಾಂತರಾಜು ಎಷ್ಟೋ ವರ್ಷ ಓಡಿಸಿದ್ದ ದಾರಿಯ ಬಸ್ಸಿನಲ್ಲೇ. ರಸ್ತೆಯಾಚೆ ನಿಂತು ಲಕ್ಕಮ್ಮ ಒಂದೊಂದೇ ಅಕ್ಷರವನ್ನು ತುಟಿಯಲ್ಲೇ ಓದಿದಳು. ಅಂಗಡಿಯವನು ಬಿಸಿ ಜಹಾಂಗೀರಿನ ಪೊಟ್ಟಣ ಕೈಗಿತ್ತ. ವಾಪಸು ಬರುವಾಗ ಕಿಟಕಿಯ ಪಕ್ಕ ಕೂತು ಪೊಟ್ಟಣ ಬಿಚ್ಚಿದ ಅವಳು ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡತೊಡಗಿದಳು.

"ಏನ್ ನೋಡ್ತಿದ್ದೀಯೇ?" ಎಂದ ಶಾಂತರಾಜು.

"ಈ ಸುಳಿ ಎಲ್ಲಿಂದ ಕುಯ್ಯಾಕೆ ಶುರು ಮಾಡ್ಬೇಕು ಅಂತ."

"ಮೊದ್ಲು ತಿನ್ನು," ಎಂದು ಅವನು ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡ.